ಬಿಳಿಗಡ್ಡದ ಕಳ್ಳಿ

ನನ್ನ ಗಂಡ ಜಾಕೀರ್ ಬ್ಯಾಂಕಾಕ್‌ಗೆ ಹೋಗಿ ಬಂದ ಎಂದರೆ ಊರಿನ ಗಂಡಸರು ಮೀಸೆಯಲ್ಲೇ ನಗುತ್ತಾರೆ. ರಾಣೆಬೆನ್ನೂರಿನ ಬೀಜ, ಗೊಬ್ಬರ, ಔಷಧದ ಅಂಗಡಿಯವರಿಗೆ ಇದು ಹೊಸದಲ್ಲ. ಹೇಳಿದಷ್ಟು ಮಾಲು ಮಾರಿದವರನ್ನು ಕಂಪನಿಯವರು ವಿಮಾನ ಹತ್ತಿಸಿ ತಿರುಗಾಡಿಸಿಕೊಂಡು ಬರುತ್ತಾರೆ. ಅಲ್ಲಿ ಏನೇನು ಮಾಡಿದಿರಿ ಎಂದು ಅವರ ಹೆಂಡತಿಯರು ಕೇಳಲು ಹೋಗುವುದಿಲ್ಲ. ನಾನೊಬ್ಬಳು ಪುಣ್ಯವಂತೆ. ನನ್ನ ಗಂಡ ಅಲ್ಲಿ ಕಳ್ಳಿ ಗಿಡ ಕೊಂಡ. ಅದರ ಬದಲು ಬೇರೆ ಏನಾದರೂ ಮಾಡಿ ಬಂದಿದ್ದರೇ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ. ಆ ಜಗಳ ನಮ್ಮ ಮನೆಯೊಳಗೇ ಮುಗಿಯುತ್ತಿತ್ತು.

ನಮ್ಮದು ಗುತ್ತಲದ ಹೊರಗೆ, ಹೊಳೆಯ ಕಡೆಗೆ ಹೋಗುವ ರಸ್ತೆಯ ಪಕ್ಕದ ನರ್ಸರಿ. ಹಸಿರು ಬಲೆಯ ಚಪ್ಪರದ ಕೆಳಗೆ ಟ್ರೇಗಳಲ್ಲಿ ಮೆಣಸಿನ ಸಸಿ ಬೆಳೆಸಿ ರೈತರಿಗೆ ಕೊಡುವುದು. ಅಪ್ಪ ಮಹಮ್ಮದಗೌಸ ಶುರು ಮಾಡಿದ್ದು. ಅವನು ತೀರಿಹೋದ ಮೇಲೆ ಅಮ್ಮ ಸಕೀನಾಬಿ ನಡೆಸಿದಳು. ಜಾಕೀರ್ ಮನೆಯಳಿಯ, ಅಂಗಡಿ ರಾಣೆಬೆನ್ನೂರಿನಲ್ಲಿ, ಊಟ ನಿದ್ದೆ ನಮ್ಮಲ್ಲಿ. ಮನೆಯಲ್ಲಿ ನಾವು ಆಡುವುದು ಉರ್ದು, ಇಲ್ಲಿ ಅದನ್ನೂ ಕನ್ನಡದಲ್ಲೇ ಹೇಳುತ್ತಿದ್ದೇನೆ. ಜಗಳಕ್ಕೆ ಮಾತ್ರ ಕನ್ನಡ ಬೇಕು, ಅದರಲ್ಲಿ ಬೈದರೆ ಬೈದಂತಿರುತ್ತದೆ.

ಸಸಿ ಕೊಳ್ಳುವವರು ಮೊದಲು ಒಂದನ್ನು ಟ್ರೇಯಿಂದ ಕಿತ್ತು ಬೇರು ನೋಡುತ್ತಾರೆ. ಬೇರು ಬೆಳ್ಳಗಿದ್ದರೆ ಸಸಿ ಗಟ್ಟಿ, ಕಂದಿದ್ದರೆ ಬೇಡ. ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅಮ್ಮನ ಸಸಿಗೆ ಮಾತ್ರ ಕೀಳುವ ಮೊದಲೇ ಹೂಂ ಅನ್ನುತ್ತಿದ್ದರು. ಬ್ಯಾಡಗಿ ಪೇಟೆಯಲ್ಲಿ ಯಾರದಾದರೂ ಡಬ್ಬಿ ತಳಿಯ ಮೆಣಸಿನಕಾಯಿಯ ಬಣ್ಣ ಚೆನ್ನಾಗಿ ಬಂದಿದ್ದರೆ, ಸಸಿ ಸಕೀನಾಬಿದೇನು ಎಂದು ಕೇಳುವವರಿದ್ದರು. ಅಮ್ಮನಿಗೆ ಬಂಗಾರ ಬೇಡ, ಸೀರೆ ಬೇಡ. ಆ ಒಂದು ಮಾತು ಸಾಕಾಗಿತ್ತು.

ಇನ್ನೊಂದು ಪದ್ಧತಿ ಉಂಟು. ಮಣ್ಣೆತ್ತಿನ ಅಮಾವಾಸ್ಯೆಯ ಮುಂದೆ, ಸಸಿ ಬೇಕೆಂದು ಮೊದಲೇ ಹೇಳಿಹೋದ ಮನೆಗಳ ಹೆಣ್ಣುಮಕ್ಕಳು ನರ್ಸರಿಗೆ ಬರುತ್ತಾರೆ. ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಕುಪ್ಪಸದ ಬಟ್ಟೆಯ ಜೊತೆ ಐದು ಸಸಿಗಳನ್ನು ಅವರ ಉಡಿಗೆ ಹಾಕಬೇಕು. ಹಬ್ಬದ ದಿನ ಅವನ್ನು ನೆಟ್ಟು ಪೂಜೆ ಮಾಡುತ್ತಾರೆ. ಉಳಿದ ಸಸಿ ಮಳೆ ನೋಡಿಕೊಂಡು ಆಮೇಲೆ ಟ್ರೇಗಟ್ಟಲೆ ಹೋಗುತ್ತದೆ. ಸಾಬರ ಮನೆಯಲ್ಲಿ ಉಡಿ ತುಂಬಿಸಿಕೊಳ್ಳುವುದೇ ಎಂದು ಹೊರಗಿನವರು ಬಾಯಿ ತೆರೆದರೆ, ಐರಣಿಯ ಜಯವ್ವ ಮುಚ್ಚಿಸುತ್ತಿದ್ದಳು. ಜಯವ್ವ ಅಮ್ಮನ ಹಳೆಯ ಗೆಳತಿ. "ಭೂಮ್ತಾಯಿಗೆ ಜಾತಿ ಐತೇನ? ಸುಮ್ನ ಕುಂದ್ರಿ" ಎನ್ನುವಳು. ಅಪ್ಪ ಹೋದ ಮೇಲೆ ಅಮ್ಮ ತಾನಾಗಿ ಹಿಂದೆ ಸರಿದು, ಉಡಿ ತುಂಬುವ ಕೆಲಸವನ್ನು ನನ್ನ ಕೈಗೆ ಕೊಟ್ಟಳು.

ಆ ಬೇಸಿಗೆಯಲ್ಲಿ ಜಾಕೀರ್ ಬ್ಯಾಂಕಾಕ್‌ನ ಗಿಡದ ಸಂತೆಯಿಂದ ವಿಡಿಯೋ ಕಾಲ್ ಮಾಡಿದ. ಹಿಂದೆ ಕಣ್ಣು ಹಾಯುವವರೆಗೂ ಕಳ್ಳಿ. ಹಸಿರು ಕಡ್ಡಿಯ ಮೇಲೆ ಕೆಂಪು, ಹಳದಿ ಗುಂಡು ಕೂಡಿಸಿದ ಕಸಿ ಕಳ್ಳಿಗಳು, ಹೆಬ್ಬೆರಳಿನಷ್ಟು ಕಳ್ಳಿಗಳು, ಹುರುಕು ಹತ್ತಿದಂತಿರುವ ಕಳ್ಳಿಗಳು.

"ಬೇನಜೀರ, ನೋಡಿಲ್ಲೆ, ಹ್ಯಾಂಗ ಅದಾವ! ಇವನ್ನ ತಂದು ಕಸಿ ಮಾಡಿ ಮಾರಿದ್ರ ಬೆಂಗಳೂರಾಗ ಕಸಗೊಂಡು ಒಯ್ತಾರ. ಔಷಧದ ವಾಸನಿ ಕುಡುಕೋಂತ ಎಷ್ಟ ದಿನಾ ಕುಂದರ್ಲಿ?"

"ನಮ್ಮ ಹಳ್ಳದ ದಂಡ್ಯಾಗ ಡಬ್ಬಗಳ್ಳಿ ಬಿಟ್ಟಿ ಸಿಗತೈತಿ. ಅದಕ್ಕ ವಿಮಾನ ಬೇಕಾಗಿತ್ತೇನ್ರಿ?" ಎಂದೆ.

ಅವನು ನನ್ನ ಮಾತಿಗೆ ಕಿವಿ ಕೊಡದೆ ಇನ್ನೊಂದನ್ನು ಎತ್ತಿ ತೋರಿಸಿದ. ಮೈತುಂಬ ಉದ್ದನೆಯ ಬಿಳಿ ಕೂದಲು ಇಳಿಬಿಟ್ಟ ಕಳ್ಳಿ. "ಇದನ್ನ ಅಮ್ಮೀಗೆ ತೋರಸು" ಎಂದ. ಅಮ್ಮ ಫೋನನ್ನು ಮುಖದ ಹತ್ತಿರ ಹಿಡಿದು ನೋಡಿದಳು. ಆಮೇಲೆ ನಕ್ಕಳು. "ಅಯ್ಯ, ನಿಮ್ಮಪ್ಪನ ಗಡ್ಡ ನೋಡಲೇ!" ಎಂದಳು. ಅಪ್ಪ ಹೋದ ಮೇಲೆ ಅಮ್ಮ ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನನಗೂ ಆ ಹಾಳು ಗಿಡದ ಮೇಲೆ ಪ್ರೀತಿ ಬಂತು.

ಅವನ ಪಕ್ಕದಲ್ಲಿ ಅಂಗಡಿಯ ಹೆಂಗಸು ಒಂದು ಕಾಗದ ಹಿಡಿದು ಏನೋ ಹೇಳುತ್ತಿದ್ದಳು.

"ಆಕಿ ಏನಂತಾಳ?"

"ಗಿಡಕ್ಕ ರೋಗ ಹುಳಾ ಇಲ್ಲ ಅಂತ ಇಲ್ಲಿ ಸರಕಾರದವರು ಸರ್ಟಿಫಿಕೇಟ್ ಕೊಡ್ತಾರಂತ. ಅದು ಸಿಗಾಕ ಮೂರ್ನಾಕು ದಿನಾ ಹಿಡಿತೈತಂತ. ನಾಳೆ ನಮ್ಮ ವಿಮಾನ ಐತಿ."

"ಹಂಗಾರ ಬಿಟ್ಟು ಬರ್ರಿ."

"ಹುಚ್ಚಿ, ಹುಳದ ಔಷಧ ಮಾರಾವ ನಾನು. ನನಗ ಹುಳಾ ಇಲ್ಲ ಅಂತ ಮತ್ಯಾರು ಬರದು ಕೊಡಬೇಕ?"

ಆ ರಾತ್ರಿ ಹೋಟೆಲಿನ ಬಚ್ಚಲಲ್ಲಿ ಕೂತು ಒಂದೊಂದರ ಮಣ್ಣು ಕೊಡವಿ, ಬೇರು ತೊಳೆದು, ಕಾಗದ ಸುತ್ತಿ, ಕಾಲುಚೀಲಕ್ಕೆ ತುರುಕಿ, ಬೂಟಿನೊಳಗೆ, ಬಿಸ್ಕೀಟಿನ ಡಬ್ಬಿಯೊಳಗೆ ಅಡಗಿಸಿದನಂತೆ. ಬಿಳಿಗಡ್ಡದ್ದನ್ನು ಮಾತ್ರ ತೊಳೆಯಲಿಲ್ಲ. ನೀರು ತಾಗಿದರೆ ಕೂದಲು ಅಂಟಿಕೊಂಡು ಅಂದ ಕೆಡುತ್ತದೆ ಎಂದು, ಬೇರಿನ ಮಣ್ಣಿನ ಹೆಂಟೆಯ ಸಮೇತ ನನಗೆ ಕೊಂಡ ರೇಷ್ಮೆ ದುಪಟ್ಟಾದಲ್ಲಿ ಸುತ್ತಿದ. ಇಳಿದ ಮೇಲೆ ತಪಾಸಣೆಯ ಸಾಲಿನಲ್ಲಿ ನಿಂತನಂತೆ. ಅವನ ಮುಂದಿನವನ ಪೆಟ್ಟಿಗೆ ಬಿಚ್ಚಿಸಿದರು, ಇವನಿಗೆ ಹೋಗು ಅಂದರು. ಈ ಕಥೆಯನ್ನು ಅವನು ಊರಿನಲ್ಲಿ ಎಷ್ಟು ಜನರಿಗೆ ಹೇಳಿದನೋ, ಅಷ್ಟು ಸಲವೂ ಯುದ್ಧ ಗೆದ್ದು ಬಂದವನಂತೆ ಎದೆ ಉಬ್ಬಿಸಿದ. ಆ ದಿನ ಯಾರಾದರೂ ಅವನ ಪೆಟ್ಟಿಗೆ ಬಿಚ್ಚಿಸಿ, ಕೊರಳಪಟ್ಟಿ ಹಿಡಿದು ದಂಡ ಹಾಕಿ ಕಳಿಸಿದ್ದರೆ ನಾನು ಅವರ ಹೆಸರಿನಲ್ಲಿ ದುವಾ ಮಾಡುತ್ತಿದ್ದೆ.

ಮನೆಯಲ್ಲಿ ಪೆಟ್ಟಿಗೆ ತೆರೆದಾಗ ಅಮ್ಮ ಕೇಳಿದ್ದು ಒಂದೇ. "ಮಣ್ಣು ತೊಳದೀಯೇನಪಾ? ಪರದೇಶದ ಮಣ್ಣು ನಮ್ಮ ಸಸಿ ಹಂತ್ಯಾಕ ಬರಬಾರದು."

"ಎಲ್ಲಾ ತೊಳದೇನಿ ಅಮ್ಮೀ" ಎಂದ ಜಾಕೀರ್. ದುಪಟ್ಟಾ ಕೊಡವುತ್ತಿದ್ದ ನನ್ನ ಬೆರಳಿಗೆ ಮುಳ್ಳು ಚುಚ್ಚಿತ್ತು, ಆ ಗಡಿಬಿಡಿಯಲ್ಲಿ ಮಣ್ಣನ್ನು ನಾನು ನೋಡಲಿಲ್ಲ.

ಕಳ್ಳಿಗಳನ್ನು ಮಾಳಿಗೆಯ ಮೇಲೆ ಇಟ್ಟೆವು. ಮೇ ತಿಂಗಳ ಬಿಸಿಲಿಗೆ ಬಿಳಿಗಡ್ಡ ಹಳದಿಯಾಗತೊಡಗಿತು. ಅಮ್ಮನಿಗೆ ತಡೆಯಲಿಲ್ಲ. ತಾನೇ ಕುಂಡ ಹೊತ್ತುಕೊಂಡು ಹೋಗಿ ನೆರಳಿನ ಬಲೆಯೊಳಗೆ, ಸಸಿ ಟ್ರೇಗಳ ಮೇಲಿನ ಹಲಗೆಯ ಮೇಲೆ ಇಟ್ಟಳು. ಬೆಳಿಗ್ಗೆ ಸಸಿಗೆ ನೀರು ಹೊಡೆಯುವಾಗ ಅದಕ್ಕೂ ಒಂದು ಗುಟುಕು. ಹೋಗುತ್ತ ಬರುತ್ತ ಬೆರಳಿನಿಂದ ಅದರ ಕೂದಲು ಬಿಡಿಸುತ್ತಿದ್ದಳು. ಗಿಡಕ್ಕೆ ಸಲಾಂ ಹೇಳುವುದೊಂದು ಬಾಕಿ ಐತಿ ಎಂದು ನಾನು ಚೇಷ್ಟೆ ಮಾಡಿದರೆ, "ಸುಮ್ನಿರ್ಲೇ, ಮನಿ ಯಜಮಾನ ಮ್ಯಾಲ ಕುಂತು ನಿಗಾ ಮಾಡಾಕತ್ಯಾನ" ಎನ್ನುವಳು. ಕುಂಡದ ತಳದಿಂದ ನೀರು ಕೆಳಗಿನ ಟ್ರೇಗಳ ಮೇಲೆ ತೊಟ್ಟಿಕ್ಕುತ್ತಿತ್ತು.

ಮೆಣಸಿನ ಬೀಜ ಹಾಕಿದೆವು, ಸಸಿ ಎದ್ದವು. ಅಮಾವಾಸ್ಯೆ ಹತ್ತಿರ ಬಂತು. ಹೆಣ್ಣುಮಕ್ಕಳು ಬಂದರು. ಜಯವ್ವ ತನ್ನ ಸೊಸೆ ಸ್ನೇಹಾಳನ್ನು ಕರೆದುಕೊಂಡು ಬಂದಿದ್ದಳು. ಸ್ನೇಹಾ ಬಸುರಿ. ಹಿಂದೆ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು, ಈ ಸಲ ಐದು ತಿಂಗಳು ದಾಟಿತ್ತು. ಜಯವ್ವ ಪದ್ಧತಿಯಂತೆ ಒಂದು ಸಸಿ ಕಿತ್ತು ಬೆಳಕಿಗೆ ಹಿಡಿದಳು.

"ಏನ ಬೇರವ್ವಾ ಸಕೀನಾ! ಬೆಳ್ಳಿ ಎಳಿ ಇದ್ದಾಂಗ ಅದಾವ. ಇಷ್ಟ ಬೆಳ್ಳಗಿಂದು ನಾ ಯಾವತ್ತೂ ನೋಡಿಲ್ಲ."

ಅಮ್ಮನ ಮುಖ ಅರಳಿತು. ಬಂದವರೆಲ್ಲ ಬೇರು ನೋಡಿ ಹೊಗಳಿದರು. ನಾನು ಒಬ್ಬೊಬ್ಬರ ಉಡಿಗೂ ಐದೈದು ಸಸಿ ಹಾಕಿದೆ. ಸ್ನೇಹಾಳ ಸರದಿ ಬಂದಾಗ ಅವಳು ಸೆರಗನ್ನು ಎರಡೂ ಕೈಯಿಂದ ಹಿಡಿದು ಕಣ್ಣು ಮುಚ್ಚಿಕೊಂಡಳು. "ಹೊಟ್ಟಿ ತಣ್ಣಗಿರ್ಲಿ" ಎಂದೆ. ಹಿಂದೆ ನಿಂತಿದ್ದ ಅಮ್ಮ ಆಮೀನ್ ಅಂದಳು.

ಹಬ್ಬ ಮುಗಿದು ಒಂದು ವಾರವಾಗಿರಬಹುದು, ಟ್ರೇಗಳ ಅಂಚಿನಲ್ಲಿ ಇರುವೆ ಸಾಲು ಕಂಡೆ. ಸಕ್ಕರೆ ಇಲ್ಲದ ಕಡೆ ಇರುವೆಗೆ ಏನು ಕೆಲಸ? ಸಾಲು ಹಿಡಿದು ನೋಡುತ್ತ ಹೋದರೆ ಬಿಳಿಗಡ್ಡದ ಕುಂಡ ಮುಟ್ಟಿದೆ. ಗಡ್ಡವನ್ನು ಎತ್ತಿ ನೋಡಿದೆ. ಬಿಳಿ ಕೂದಲಿನ ಬುಡದಲ್ಲಿ ಬಿಳಿ ಹತ್ತಿಯಂಥದ್ದು, ಅದರೊಳಗೆ ಹಿಟ್ಟು ಬಳಿದುಕೊಂಡಂಥ ಹುಳ. ಬಿಳಿಯೊಳಗೆ ಬಿಳಿ, ಯಾರಿಗೆ ಕಾಣಬೇಕು? ಕೆಳಗಿನ ಟ್ರೇಯಿಂದ ಒಂದು ಸಸಿ ಕಿತ್ತೆ. ಎಲೆ ಹಸಿರಾಗಿತ್ತು, ಕಾಂಡ ಗಟ್ಟಿಯಿತ್ತು, ಬೇರು ಎಲ್ಲರೂ ಹೊಗಳಿದಂತೆ ಬೆಳ್ಳಗಿತ್ತು. ಬೆರಳಿನಿಂದ ತಿಕ್ಕಿದೆ. ಬಿಳುಪು ಬೆರಳಿಗೆ ಹತ್ತಿಕೊಂಡಿತು. ಬೇರಿನ ಬಣ್ಣ ಬೆರಳಿಗೆ ಹತ್ತುವುದಿಲ್ಲ.

ಅಮ್ಮ ಆ ಬೆರಳನ್ನೇ ನೋಡಿದಳು. ಸಸಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಕೊಂಡು ಇಬ್ಬರೂ ಹಾವೇರಿ ಬಸ್ಸು ಹತ್ತಿದೆವು. ಅಲ್ಲಿ ಶಂಭುಲಿಂಗ ಸರ್ ಇದ್ದರು, ಕೃಷಿ ಕಾಲೇಜಿನಲ್ಲಿ ಹುಳಗಳ ಪಾಠ ಮಾಡಿ ನಿವೃತ್ತರಾದವರು, ಅಪ್ಪನಿಗೆ ಗುರುತು. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಹಿಟ್ಟು ತಿಗಣಿ. ಆದ್ರ ನಮ್ಮ ಕಡೇದಲ್ಲ. ಬೇರಿಗೆ ಹತ್ತಿ ಒಳಗಿಂದೊಳಗ ಹೀರತೈತಿ, ಗಿಡಾ ಬೀಳೂತನಾ ಗೊತ್ತಾಗಂಗಿಲ್ಲ. ಎಲ್ಲಿಂದ ಬಂತಿದು?"

ಅಮ್ಮ ಹೇಳಿದಳು. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಒಂದೂ ಉಳಿಸದಂಗ ಎಲ್ಲಾ ಸುಡ್ರಿ. ಮ್ಯಾಲಿನವರಿಗೆ ನಾ ತಿಳಸ್ತೇನಿ. ಈ ಕರಿ ಮಣ್ಣಾಗ ಒಮ್ಮೆ ಸೇರಿತಂದ್ರ ತಗ್ಯೂದು ಯಾರ ಕೈಲೂ ಆಗಂಗಿಲ್ಲ. ಇನ್ನೂ ಟ್ರೇ ಹೊರಗ ಹೋಗಿಲ್ಲಲ್ಲ?"

"ಟ್ರೇ ಹೋಗಿಲ್ರಿ ಸರ" ಎಂದಳು ಅಮ್ಮ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. "ಉಡಿಯಾಗ ಹೋಗ್ಯಾವ್ರಿ" ಎಂದೆ ನಾನು.

ಸರ್ ಕನ್ನಡಿ ಕೆಳಗಿಟ್ಟರು. "ಲಗೂ ವಾಪಸ್ ತರ್ರಿ. ಒಂದೂ ಬಿಡಬ್ಯಾಡ್ರಿ."

ಮನೆಯಲ್ಲಿ ಜಾಕೀರ್ ಮೊದಲು ನಂಬಲಿಲ್ಲ. ಆಮೇಲೆ ನಂಬಿ ತಲೆ ಹಿಡಿದುಕೊಂಡು ಕೂತ. ಆಮೇಲೆ ವ್ಯಾಪಾರಿಯ ಬುದ್ಧಿ ಎದ್ದಿತು. "ಅಮ್ಮೀ, ಔಷಧದಾಗ ಅದ್ದಿ ಕೊಟ್ಟಬಿಡೂನು. ಯಾರಿಗೂ ತಿಳಿಯಂಗಿಲ್ಲ. ಬೇರು ಬೆಳ್ಳಗ ಅದಾವಂತ ಎಲ್ಲಾರೂ ಹೊಗಳಾಕತ್ತಾರ."

"ಹೊಗಳಾಕತ್ತಾರಂತ ನಾ ಸುಡಾಕತ್ತೇನಿ" ಎಂದಳು ಅಮ್ಮ. "ನೋಡಿ ಬ್ಯಾಡ ಅಂದಿದ್ರ ಅವರ ಪಾಡು ಅವರು ನೋಡಿಕೊಂತಿದ್ರು. ಅವರು ಬೇರು ತಿಕ್ಕಿ ನೋಡಂಗಿಲ್ಲೋ, ನನ್ನ ನಂಬ್ಯಾರ."

ನರ್ಸರಿಯ ಹಿಂದೆ ಹೊಂಡ ತೋಡಿಸಿ, ಹತ್ತಿಕಟ್ಟಿಗೆ ಒಟ್ಟಿ, ಟ್ರೇ ಸಮೇತ ಸಸಿ ಸುರಿದೆವು. ಒದ್ದೆ ಸಸಿ ಸುಲಭಕ್ಕೆ ಸುಡುವುದಿಲ್ಲ, ಕಣ್ಣು ಉರಿಸುವ ಹೊಗೆ ಎಬ್ಬಿಸುತ್ತದೆ. ಕಸಿ ಕಳ್ಳಿಗಳು ಬೆಂಕಿಯಲ್ಲಿ ಸುಂಯ್‌ಗುಟ್ಟಿ ನೀರು ಬಿಟ್ಟವು. ಬಿಳಿಗಡ್ಡವನ್ನು ಜಾಕೀರ್ ಎಸೆಯಲಾರದೆ ನಿಂತಿದ್ದ. ಅಮ್ಮ ಅವನ ಕೈಯಿಂದ ಕಸಿದು ತಾನೇ ಎಸೆದಳು. ಅದು ಭಗ್ಗನೆ ಹತ್ತಿಕೊಂಡಿತು, ತಲೆಗೂದಲು ಸುಟ್ಟ ವಾಸನೆ ಬಂತು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಆ ವಾಸನೆ ಹೋಗುವವರೆಗೂ ಅಮ್ಮ ಮುಖವನ್ನು ಆ ಕಡೆ ತಿರುಗಿಸಿಕೊಂಡು ನಿಂತಿದ್ದಳು.

ಮರುದಿನದಿಂದ ಊರೂರು ತಿರುಗಿದೆವು. ಕೊಟ್ಟ ಉಡಿಯನ್ನು ಮರಳಿ ಕೇಳುವುದೆಂದರೇನು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹರಸಿದ್ದನ್ನೇ ಕಿತ್ತುಕೊಂಡಂತೆ ಅದು, ಹಗೆಯವರ ಮನೆಯಲ್ಲೂ ಯಾರೂ ಹಾಗೆ ಕೇಳುವುದಿಲ್ಲ. ಒಬ್ಬಳು ಸಸಿಗಳನ್ನು ಕಿತ್ತು ಅಂಗಳಕ್ಕೆ ಒಗೆದಳು. ಒಬ್ಬಳು ಕೊಬ್ಬರಿ, ಅಕ್ಕಿಯನ್ನೂ ಅಳೆದು ಅಮ್ಮನ ಮುಂದಿಟ್ಟಳು. ದೇವರಗುಡ್ಡದ ಕಡೆಯ ಒಬ್ಬ ಮುದುಕಿ, "ಬೇಲೀನ ಎದ್ದು ಹೊಲಾ ಮೇದ್ರ ಯಾರಿಗೆ ಹೇಳೂದವ್ವಾ?" ಎಂದಳು. ಅಮ್ಮ ಎಲ್ಲರೆದುರೂ ಒಂದೇ ಮಾತು ಹೇಳಿದಳು: ತಪ್ಪು ನಮ್ಮದು, ಹೊಲ ನಿಮ್ಮದು, ಹೊಲ ಉಳಿಯಲಿ. ಅಳಿಯನ ಹೆಸರು ಎಲ್ಲಿಯೂ ಎತ್ತಲಿಲ್ಲ. ನಾನು ಎತ್ತಹೋದರೆ ಕಣ್ಣಿನಲ್ಲೇ ಗದರಿಸಿದಳು. ಕಿತ್ತ ಕಡೆಯ ಮಣ್ಣನ್ನೂ ಬೊಗಸೆ ತುಂಬ ತೆಗೆದು ಚೀಲಕ್ಕೆ ಹಾಕಿಕೊಂಡಳು.

ಐರಣಿಯನ್ನು ಕೊನೆಗೆ ಇಟ್ಟುಕೊಂಡಿದ್ದಳು.

ಹೊಲಕ್ಕೆ ಹೋಗಬೇಡ ಎಂದು ಡಾಕ್ಟರು ಹೇಳಿದ್ದರಿಂದ ಸ್ನೇಹಾ ಐದೂ ಸಸಿಗಳನ್ನು ಹಿತ್ತಲಲ್ಲೇ ನೆಟ್ಟಿದ್ದಳು. ಹಿತ್ತಲಿನ ಬೇಲಿ ದಾಟಿದರೆ ಜಯವ್ವನ ಹೊಲ, ಅದರಾಚೆ ಊರಿನವರ ಹೊಲಗಳು, ಅದರಾಚೆ ಹೊಳೆ. ಸಸಿಗಳ ಬುಡಕ್ಕೆ ಅರಿಸಿನ ಕುಂಕುಮ ಇಟ್ಟಿದ್ದಳು. ಪಕ್ಕದಲ್ಲಿ ಚಾಪೆ ಹಾಸಿಕೊಂಡು ಕೂತಿದ್ದವಳು ನಮ್ಮನ್ನು ನೋಡಿ, "ಬರ್ರಿ ಚಿಗವ್ವಾ, ಕುಂದ್ರಿ" ಎಂದು ಏಳಹೋದಳು. ಅಮ್ಮ ಅವಳ ಹೆಗಲು ಹಿಡಿದು ಕೂರಿಸಿದಳು.

ಜಯವ್ವ ನೀರು ಕೊಟ್ಟಳು. ಅಮ್ಮ ಚೊಂಬನ್ನು ಕೈಯಲ್ಲೇ ಹಿಡಿದುಕೊಂಡು ಎಲ್ಲವನ್ನೂ ಹೇಳಿದಳು. ಜಯವ್ವ ಕೇಳುತ್ತಲೇ ಸೊಸೆಯ ಪಕ್ಕಕ್ಕೆ ಸರಿದು ಕೂತಳು. ಕೊನೆಗೆ, "ಉಳದಾವರದು ಬ್ಯಾರೆ, ಸಕೀನಾ" ಎಂದಳು. "ಬಸರಿ ಹೆಂಗಸಿನ ಉಡಿಗೆ ಕೈ ಹಾಕಿ ತಗೀತೀಯೇನ? ಎರಡು ಹೋಗ್ಯಾವ. ನಿನಗ ಗೊತ್ತೈತಿ."

"ಗೊತ್ತೈತಿ ಜಯಾ. ಆದ್ರ ಇವು ಉಳದ್ರ ಊರ ಹೊಲಾ ಎಲ್ಲಾ..."

"ಊರ ಹೊಲದ ಮಾತು ನನ್ನ ಸೊಸಿ ಮುಂದ ಹೇಳಬ್ಯಾಡ."

ಸ್ನೇಹಾ ಅತ್ತೆಯ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. ಅವಳ ಎರಡೂ ಕೈ ಹೊಟ್ಟೆಯ ಮೇಲೆ ಬಂದಿದ್ದವು. "ಒಯ್ಯೂದಾದ್ರ ಒಯ್ರಿ ಚಿಗವ್ವಾ" ಎಂದಳು.

ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಆ ಹುಡುಗಿಯ ಹೆದರಿಕೆಯ ಮೇಲೆ, ಗಂಡನ ಮೇಲೆ, ಅರಿಸಿನ ಬಳಿದುಕೊಂಡು ಚೆಲುವಾಗಿ ನಿಂತಿದ್ದ ಆ ಐದು ಸಸಿಗಳ ಮೇಲೆ. ಹಾಕಿದ ಕೈಯೇ ತೆಗೆಯಲಿ, ಪಾಪವಿದ್ದರೆ ಈ ಕೈಗೇ ಬರಲಿ ಎಂದುಕೊಂಡೆ. ಬಾಗಿ ಮೊದಲ ಸಸಿಯ ಬುಡಕ್ಕೆ ಬೆರಳಿಟ್ಟೆ.

ಅಮ್ಮ ನನ್ನ ಮುಂಗೈ ಹಿಡಿದಳು.

ಅಷ್ಟು ಬಿಗಿಯಾಗಿ ಅವಳು ನನ್ನನ್ನು ಸಣ್ಣವಳಿದ್ದಾಗಲೂ ಹಿಡಿದಿರಲಿಲ್ಲ. ಒಂದು ಬಳೆ ಒಡೆಯಿತು. "ಬ್ಯಾಡ" ಎಂದಳು. "ಇರ್ಲಿ. ಕೂಸು ಉಳೀಲಿ."

ಚೀಲದಿಂದ ಔಷಧದ ಬಾಟಲಿ ತೆಗೆದು ಜಯವ್ವನ ಕೈಗೆ ಕೊಟ್ಟಳು. ವಾರಕ್ಕೊಮ್ಮೆ ಬುಡಕ್ಕೆ ಹಾಕಬೇಕು, ಹೆರಿಗೆಯಾದ ಮರುದಿನವೇ ಐದನ್ನೂ ಕಿತ್ತು ಸುಡಬೇಕು ಎಂದು ಎರಡೆರಡು ಸಲ ಹೇಳಿದಳು. ಜಯವ್ವ ಹೂಂ ಹೂಂ ಅಂದಳು. ಅರಿಸಿನ ಕುಂಕುಮ ಇಟ್ಟ ಗಿಡದ ಬುಡಕ್ಕೆ ಯಾರು ವಿಷ ಹಾಕುತ್ತಾರೆ? ಆ ಪ್ರಶ್ನೆ ಬಸ್ಸಿನಲ್ಲಿ ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅಮ್ಮನ ಮುಖ ನೋಡಿ ನುಂಗಿಕೊಂಡೆ.

ಸಂಜೆ ಶಂಭುಲಿಂಗ ಸರ್ ಫೋನು ಮಾಡಿದರು. ಎಲ್ಲವೂ ವಾಪಸ್ ಬಂದವೇ ಎಂದು ಕೇಳಿದರು.

"ಎಲ್ಲಾ ಬಂದುವ್ರಿ ಸರ" ಎಂದಳು ಅಮ್ಮ. ಪಕ್ಕದಲ್ಲಿ ಊಟ ಮಾಡುತ್ತಿದ್ದ ಜಾಕೀರ್ ತುತ್ತನ್ನು ತಟ್ಟೆಗೆ ಬಿಟ್ಟು ಎದ್ದುಹೋದ.

ಆ ವರ್ಷ ಐರಣಿಯವರು ಬೇರೆ ಕಡೆಯಿಂದ ಸಸಿ ತಂದು ನೆಟ್ಟರು. ದೀಪಾವಳಿಯ ಹೊತ್ತಿಗೆ ಸ್ನೇಹಾ ಹೆತ್ತಳು, ಗಂಡುಮಗು, ತಾಯಿಯೂ ಕ್ಷೇಮ. ಸುದ್ದಿ ಕೇಳಿ ಅಮ್ಮ ಎರಡು ರಕಾತ್ ನಮಾಜು ಹೆಚ್ಚು ಮಾಡಿದಳು. ಅದೇ ವಾರ, ಜಯವ್ವನ ಹೊಲದಲ್ಲಿ ಬೇಲಿಯ ಪಕ್ಕದ ಸಾಲುಗಳು ಕಾರಣವಿಲ್ಲದೆ ಬಾಡುತ್ತಿವೆ ಎಂಬ ಸುದ್ದಿಯೂ ಬಂತು. ಆಮೇಲೆ ಅದರ ಆಚೆಯ ಹೊಲ. ಆಮೇಲೆ ಹೊಳೆಯ ದಂಡೆಯವರೆಗೂ. ಹೂವು ಉದುರಿತು, ಕಾಯಿ ಹಸಿರಿನಲ್ಲೇ ಸುರುಟಿತು. ಜಾಕೀರ್ ಬೈಕಿನ ಮೇಲೆ ಅಂಗಡಿಯ ಔಷಧವನ್ನೆಲ್ಲ ಹೊತ್ತುಕೊಂಡು ಹೋಗಿ ತಾನೇ ಪಂಪು ಕಟ್ಟಿಕೊಂಡು ಹೊಡೆದ. ಹುಳ ಮಣ್ಣೊಳಗಿತ್ತು, ಔಷಧ ಮೇಲಿತ್ತು. ಬ್ಯಾಡಗಿ ಪೇಟೆಗೆ ಆ ಸುಗ್ಗಿಯಲ್ಲಿ ಐರಣಿಯ ಒಂದು ಚೀಲವೂ ಹೋಗಲಿಲ್ಲ.

ಸಂಕ್ರಾಂತಿಯ ಮುಂದೆ ಜಯವ್ವ ಬಂದಳು. ಕಂಕುಳಲ್ಲಿ ಮೊಮ್ಮಗ, ಕೈಯಲ್ಲಿ ಬೇರು ಸಹಿತ ಕಿತ್ತ ಒಣ ಮೆಣಸಿನ ಗಿಡ. ಬಲೆ ಹರಿದು ಜೋಲುತ್ತಿದ್ದ ಖಾಲಿ ನರ್ಸರಿಯಲ್ಲಿ ಅಮ್ಮ ಒಬ್ಬಳೇ ಕೂತಿದ್ದಳು. ನಾನು ಚಹಾ ಇಡಲು ಹೋದವಳು ಅಲ್ಲೇ ನಿಂತೆ. ಜಯವ್ವ ಗಿಡವನ್ನು ಅಮ್ಮನ ಮುಂದೆ ಇಟ್ಟಳು. ಬೇರು ಬೆಳ್ಳಗಿತ್ತು. ಮಗುವನ್ನು ಅಮ್ಮನ ಉಡಿಯಲ್ಲಿ ಇಟ್ಟಳು. ದುಂಡುದುಂಡಗಿನ ಕೂಸು, ಅಮ್ಮನ ಸೆರಗು ಹಿಡಿದು ಬಾಯಿಗೆ ಹಾಕಿಕೊಂಡಿತು.

"ಜಳಕಾ ಮಾಡಸೂಮುಂದ ದಿನಾ ಇದರ ಮುಖಾ ನೋಡತೇನಿ" ಎಂದಳು ಜಯವ್ವ. "ಹೊರಗ ಬಂದ್ರ ಊರ ಮಂದಿ ನನ್ನ ಮುಖಾ ನೋಡತಾರ. ನಾನು ಅಡ್ಡಾ ಬಂದೆ, ಖರೇ. ನಾ ಹೆಂಗಸು, ಹೆದರಿಕಿ ಇತ್ತು. ನಿನಗ ಗೊತ್ತಿತ್ತಲ್ಲಾ, ಸಕೀನಾ? ಅವತ್ತ ನಿನ್ನ ಮಗಳು ಕೀಳಾಕ ಬಗ್ಗಿದ್ಲು. ಆಕಿ ಕೈ ನೀ ಯಾಕ ಹಿಡದಿ?"

ಅಮ್ಮ ಸೆರಗನ್ನು ಕೂಸಿನ ಬಾಯಲ್ಲೇ ಬಿಟ್ಟು, ಅದರ ತಲೆ ಸವರಿದಳು. ಜಯವ್ವ ಬಾಗಿ, ಅಮ್ಮನ ಉಡಿಯಿಂದ ಮಗುವನ್ನು ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು.